ಸರಿ ಇರುವ ಕೈ ಕುಣಿಯಿತು, ಬಿದ್ದ ಕೈಗೆ ಏನು ಸಿಕ್ಕಿತು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಬೀದರ್. ಅಪ್ಪನಿಗೆ 58 ವರ್ಷ, ಬಿದ್ರಿ ಕೆಲಸ ಮಾಡುತ್ತಿದ್ದರು. ಏಳು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದವು. ಈಗ ನಡೆಯುತ್ತಾರೆ. ಬಲಗೈಯಲ್ಲಿ ಲೋಟ ಹಿಡಿಯುತ್ತಾರೆ, ಉಳಿ ಹಿಡಿಯಲು ಆಗುವುದಿಲ್ಲ. ಹೈದರಾಬಾದಿನಲ್ಲಿ ಒಂದು ಕಡೆ ಟಿಎಂಎಸ್ ಅಂತ ಆಯಸ್ಕಾಂತದ ಚಿಕಿತ್ಸೆ ಕೊಡಿಸಿದೆವು. ದಿನಕ್ಕೆ 20 ನಿಮಿಷ, 10 ದಿನ. ನಾನು ಪಕ್ಕದಲ್ಲೇ ಕೂತು ನೋಡಿದೆ. ಯಂತ್ರ ಇಟ್ಟಿದ್ದು ತಲೆಯ ಬಲಗಡೆ. ಸೆಕೆಂಡಿಗೊಮ್ಮೆ ಟಕ್ ಅನ್ನುತ್ತಿತ್ತು, ಪ್ರತಿ ಸಲ ಎಡಗೈ ಹೆಬ್ಬೆರಳು ಜಿಗಿಯುತ್ತಿತ್ತು. ಅದು ಸರಿ ಇರುವ ಕೈ! ಬಲಗೈ ಸುಮ್ನೆ ಬಿದ್ದಿತ್ತು. ತಪ್ಪು ಕಡೆ ಇಟ್ಟರಾ? ಮೊದಲ ದಿನ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಎಡಗೈ ಅಲೆ ಸಣ್ಣದಾಗಿದೆ ಅಂತ ತೋರಿಸಿ, ಒಳ್ಳೆಯದು ಅಂದರು. ಮೂರನೇ ದಿನ ದೊಡ್ಡದಾಗಿತ್ತು, ಏನೂ ಹೇಳಲಿಲ್ಲ. ನಮ್ಮ ಚಿಕ್ಕಪ್ಪನ ಮಗಳಿಗೆ ಡಿಪ್ರೆಶನ್‌ಗೆ ಇದೇ ಯಂತ್ರ ಬಹಳ ಜೋರಾಗಿ, ಟಕಟಕಟಕ ಅಂತ ಕೊಡುತ್ತಾರೆ. ನಮಗೂ ಹಾಗೆ ಕೊಟ್ಟಿದ್ದರೆ ಬೇಗ ವಾಸಿ ಆಗುತ್ತಿತ್ತಾ? ಇನ್ನೂ 20 ಸಿಟ್ಟಿಂಗ್ ಬೇಕು ಅಂತಿದ್ದಾರೆ. ರಿಪೋರ್ಟಿನಲ್ಲಿ ‘ಆರ್‌ಎಂಟಿ: ಬಲ 46, ಎಡ 78’ ಅಂತ ಬರೆದಿದೆ. ಏನು ಮಾಡೋಣ?

ಉತ್ತರ: ಮೊದಲು ನಿಮ್ಮ ತಲೆ ಕೊರೆಯುತ್ತಿರುವ ಮಾತು. ತಪ್ಪು ಕಡೆ ಇಟ್ಟಿಲ್ಲ. ಬೇಕೆಂದೇ ಸರಿ ಇರುವ ಕಡೆಗೆ ಇಟ್ಟಿದ್ದಾರೆ. ಅದಕ್ಕೊಂದು ಕಾರಣ ಇದೆ. ಆ ಕಾರಣ ಎಷ್ಟು ಗಟ್ಟಿ ಅನ್ನುವುದು ಬೇರೆ ಮಾತು, ಅಲ್ಲಿಗೂ ಬರುತ್ತೇನೆ. ಇನ್ನೊಂದು, 20 ಸಿಟ್ಟಿಂಗಿಗೆ ಅಂತ ಈಗಲೇ ಸಾಲ ಮಾಡಬೇಡಿ. ಯಾಕೆ ಅಂತ ಹೇಳಬೇಕಾದರೆ ಆ ‘ಟಕ್’ನಿಂದಲೇ ಶುರು ಮಾಡಬೇಕು. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಕಲಿಯುವ ಕಾಲದಲ್ಲಿ ನಾನೂ ಆ ಕುರ್ಚಿಯಲ್ಲಿ ಕೂತಿದ್ದೇನೆ. ಕಿವಿಗೆ ಹತ್ತಿಯಂಥ ಬಿರಡೆ ತುರುಕಿ, ಎಂಟರ ಆಕಾರದ ಸುರುಳಿಯನ್ನು ತಲೆಗೆ ತಾಗಿಸಿ ಹಿಡಿದರು. (ಎಂಟು ಅಂದರೆ 8, ನಮ್ಮ ೮ ಅಲ್ಲ. ಎರಡು ಬಳೆ ಜೋಡಿಸಿದ ಹಾಗೆ.) ಟಕ್ ಅಂತು. ನನ್ನ ಹೆಬ್ಬೆರಳು ತಾನಾಗಿ ಒಳಗೆ ಮಡಚಿಕೊಂಡಿತು. ನೋವಿಲ್ಲ. ನೆತ್ತಿಯ ಮೇಲೆ ಯಾರೋ ಬೆರಳಿನಿಂದ ಚಿಟ್ ಅಂತ ಹೊಡೆದ ಹಾಗೆ ಅಷ್ಟೇ. ಆದರೆ ಮನಸ್ಸು ಮಾತ್ರ ಗಾಬರಿಯಾಯಿತು, ಯಾಕೆಂದರೆ ಬೆರಳು ನನ್ನದು, ಆಡಿಸಿದ್ದು ನಾನಲ್ಲ. ಎರಡನೇ ಸಲ ಬೆರಳನ್ನು ಅಲ್ಲೇ ನಿಲ್ಲಿಸಬೇಕು ಅಂತ ಹಠ ಹಿಡಿದೆ. ಬೆರಳಿನ ಸ್ನಾಯು ಬಿಗಿ ಮಾಡಿಕೊಂಡು ಕೂತೆ. ಇನ್ನೂ ಜೋರಾಗಿ ಜಿಗಿಯಿತು! ಹಾಗೇ ಆಗಬೇಕು ಅಂತ ಗುರುಗಳು ನಕ್ಕರು. ಸ್ನಾಯುವನ್ನು ನಾವೇ ಬಿಗಿ ಮಾಡಿದಾಗ ಮಿದುಳಿನ ಆ ಜಾಗ, ಬೆನ್ನುಹುರಿಯ ಜೀವಕೋಶಗಳು ಎರಡೂ ಮೊದಲೇ ಎಚ್ಚರವಾಗಿರುತ್ತವೆ. ಸಣ್ಣ ತಟ್ಟಿಗೂ ದೊಡ್ಡ ಉತ್ತರ ಬರುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ನಿಮ್ಮ ಮೂರನೇ ದಿನದ ಗುಟ್ಟು ಇಲ್ಲೇ ಎಲ್ಲೋ ಇದೆ.

ಹೆಸರು ಆಯಸ್ಕಾಂತದ ಚಿಕಿತ್ಸೆ. ಆದರೆ ಕೆಲಸ ಮಾಡುವುದು ಕರೆಂಟು. ಯಂತ್ರದೊಳಗೆ ಕೆಪಾಸಿಟರ್ ಇರುತ್ತದೆ. ಅದು ತುಂಬಿಕೊಂಡ ಕರೆಂಟನ್ನು ಒಂದೇ ಏಟಿಗೆ ಸುರುಳಿಗೆ ಬಿಡುತ್ತದೆ, ಕೆಲವು ಸಾವಿರ ಆಂಪಿಯರ್. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೂ ಹಿಡಿಯುವುದಿಲ್ಲ, ಅಷ್ಟರಲ್ಲಿ ಮುಗಿದಿರುತ್ತದೆ. ಸುರುಳಿಯ ಹತ್ತಿರ 1.5ರಿಂದ 2 ಟೆಸ್ಲಾದಷ್ಟು ಆಯಸ್ಕಾಂತದ ಬಲ ಹುಟ್ಟಿ ಮಾಯವಾಗುತ್ತದೆ. ಬದಲಾಗುವ ಆಯಸ್ಕಾಂತ ಹತ್ತಿರದಲ್ಲಿ ಕರೆಂಟು ಹುಟ್ಟಿಸುತ್ತದೆ ಅಂತ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಇಲ್ಲಿ ಆ ಕರೆಂಟು ಹುಟ್ಟುವುದು ಮಿದುಳಿನ ಮೇಲ್ಪದರದಲ್ಲಿ, ಎರಡು ಮೂರು ಸೆಂಟಿಮೀಟರ್ ಆಳದವರೆಗೆ. ಸುಮ್ನೆ ಇಟ್ಟ ಆಯಸ್ಕಾಂತ ಇದನ್ನು ಮಾಡಲಾರದು. ಜಾತ್ರೆಯಲ್ಲಿ ಮಾರುವ ಆಯಸ್ಕಾಂತದ ಕಡಗವನ್ನು ಲಕ್ವಾಕ್ಕೆ ಅಂತ ಅಪ್ಪನಿಗೆ ಯಾರಾದರೂ ತೊಡಿಸಿದ್ದರೆ ತೆಗೆದು ಮಕ್ಕಳಿಗೆ ಆಡಲು ಕೊಡಿ.

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥನಿ ಬಾರ್ಕರ್ ಮತ್ತು ಜೊತೆಗಾರರು 1985ರಲ್ಲಿ ಮೊದಲ ಸಲ ಇದನ್ನು ಮನುಷ್ಯರ ತಲೆಯ ಮೇಲಿಟ್ಟು ಕೈ ಆಡಿಸಿದರು. ಅದಕ್ಕೆ ಐದು ವರ್ಷ ಮೊದಲು, 1980ರಲ್ಲಿ, ಮರ್ಟನ್ ಮತ್ತು ಮಾರ್ಟನ್ ಎಂಬ ಇಬ್ಬರು ನೆತ್ತಿಯ ಮೇಲಿನಿಂದ ನೇರವಾಗಿ ಕರೆಂಟನ್ನೇ ಕೊಟ್ಟು ಕೈ ಆಡಿಸಿದ್ದರು. ಅದು ಚರ್ಮ, ಸ್ನಾಯು ಎಲ್ಲವೂ ಕಿತ್ತು ಹೋಗುವಷ್ಟು ನೋಯುತ್ತದೆ. ಆಯಸ್ಕಾಂತಕ್ಕೆ ಬುರುಡೆ ಅಡ್ಡಿಯಲ್ಲ, ಅದೇ ಇದರ ಲಾಭ.

ಕೈಕಾಲು ಆಡಿಸುವ ಜಾಗವನ್ನು ಮೋಟಾರ್ ಕಾರ್ಟೆಕ್ಸ್ ಅಂತೀವಿ. ತಲೆಗೆ ಹೇರ್‌ಬ್ಯಾಂಡ್ ಹಾಕಿದರೆ ಹೆಚ್ಚುಕಡಿಮೆ ಅದರ ಕೆಳಗೆ ಬರುವ ಪಟ್ಟಿ. ಅದರಲ್ಲಿ ಬೆನ್ನಿಗೆ ಒಂದಿಷ್ಟು ಜಾಗ, ಕೈಬೆರಳುಗಳಿಗೆ ದೊಡ್ಡ ಜಾಗ. ಅದೂ ತಲೆಯ ಹೊರಮೈಗೆ ಹತ್ತಿರ. ಅದಕ್ಕೇ ಎಲ್ಲರೂ ಹೆಬ್ಬೆರಳನ್ನೇ ನೋಡುವುದು. ಸುರುಳಿಯ ಕರೆಂಟು ಅಲ್ಲಿರುವ ದೊಡ್ಡ ಕೋಶಗಳನ್ನು ನೇರವಾಗಿ ಹೊಡೆಯುವುದು ಕಡಿಮೆ. ಅವುಗಳ ನೆರೆಹೊರೆಯ ಸಣ್ಣ ಕೋಶಗಳನ್ನು ತಟ್ಟುತ್ತದೆ, ಅವು ದೊಡ್ಡವನ್ನು ಎಬ್ಬಿಸುತ್ತವೆ. ಸಂದೇಶ ಕೆಳಗಿಳಿದು, ಕುತ್ತಿಗೆಯ ಮೇಲ್ತುದಿಯಲ್ಲಿ ಆ ಬದಿಯಿಂದ ಈ ಬದಿಗೆ ದಾಟಿ, ಕೈಗೆ ಬರುತ್ತದೆ. ತಲೆಯಿಂದ ಹೆಬ್ಬೆರಳಿಗೆ ಸುಮಾರು 20 ಮಿಲಿಸೆಕೆಂಡ್. ಬಲ ಮಿದುಳು ತಟ್ಟಿದರೆ ಎಡಗೈ ಜಿಗಿಯುವುದು ಈ ದಾಟಾಟದಿಂದ.

ಬೆರಳಿಗೆ ಅಂಟಿಸಿದ ಪಟ್ಟಿಗಳು ಸ್ನಾಯುವಿನ ಕರೆಂಟನ್ನು ಕಂಪ್ಯೂಟರಿನಲ್ಲಿ ಅಲೆಯಾಗಿ ತೋರಿಸುತ್ತವೆ. ನಿಮಗೆ ತೋರಿಸಿದ ಅಲೆ ಅದೇ. ಯಂತ್ರದ ಜೋರು ಕಡಿಮೆ ಮಾಡುತ್ತಾ ಬರುತ್ತಾರೆ. 10 ಸಲ ತಟ್ಟಿದಾಗ 5 ಸಲವಾದರೂ 50 ಮೈಕ್ರೋವೋಲ್ಟಿನಷ್ಟು ಅಲೆ ಬರುವ ಅತಿ ಕಡಿಮೆ ಜೋರು ಯಾವುದೋ, ಅದೇ ಆರ್‌ಎಂಟಿ. ಕೈ ಸಡಿಲ ಬಿಟ್ಟಿರುವಾಗಿನ ಹೊಸ್ತಿಲು ಅನ್ನಿ. ಅಪ್ಪನ ಸರಿ ಇರುವ ಬಲ ಮಿದುಳಿಗೆ ಯಂತ್ರದ ಶಕ್ತಿಯ ನೂರರಲ್ಲಿ 46 ಸಾಕಾಯಿತು. ಪೆಟ್ಟು ಬಿದ್ದ ಎಡ ಮಿದುಳಿಗೆ 78 ಬೇಕಾಯಿತು.

ಈ 78 ನೋಡಿ ನೀವು ಬೇಜಾರಾಗಿರಬಹುದು. ನನಗೆ ಇಡೀ ಪತ್ರದಲ್ಲಿ ಖುಷಿ ಕೊಟ್ಟಿದ್ದೇ ಅದು. ಜಾಸ್ತಿ ತಟ್ಟಬೇಕಾಯಿತು, ಆದರೆ ಬಲಗೈಯಲ್ಲಿ ಅಲೆ ಬಂತು. ಅಂದರೆ ಎಡ ಮಿದುಳಿನಿಂದ ಬಲಗೈಗೆ ಹೋಗುವ ದಾರಿ ಪೂರ್ತಿ ಕಡಿದಿಲ್ಲ. ಲಕ್ವಾದ ನಂತರ ಈ ಅಲೆ ಬರುವವರ ಕೈ, ಬಾರದವರ ಕೈಗಿಂತ ಚೆನ್ನಾಗಿ ಸುಧಾರಿಸುತ್ತದೆ ಅನ್ನುವುದು ಹಲವು ಕಡೆ ಕಂಡ ಮಾತು. ನ್ಯೂಜಿಲೆಂಡಿನವರು ಇದನ್ನೇ ಇಟ್ಟುಕೊಂಡು ಮೊದಲ ವಾರದಲ್ಲೇ ಕೈಯ ಭವಿಷ್ಯ ಅಂದಾಜು ಮಾಡುವ ಕ್ರಮವನ್ನೇ ಕಟ್ಟಿದ್ದಾರೆ. ನನ್ನ ಪ್ರಕಾರ ಲಕ್ವಾದಲ್ಲಿ ಟಿಎಂಎಸ್‌ನ ದೊಡ್ಡ ಉಪಯೋಗ ಅಳತೆಗೋಲಾಗಿ. ಔಷಧಿಯಾಗಿ ಅದರ ಉಪಯೋಗ ಅದಕ್ಕಿಂತ ಚಿಕ್ಕದು. ಇದನ್ನು ಒಪ್ಪದ ಡಾಕ್ಟರುಗಳೂ ಇದ್ದಾರೆ.

ಈಗ ಮುಖ್ಯ ವಿಷಯ, ಮತ್ತೆ ಮತ್ತೆ ತಟ್ಟಿದರೆ ಏನಾಗುತ್ತದೆ?

ಮನೆಗೆ ಬರುವವರೆಲ್ಲ ಇದನ್ನು ಮೊಬೈಲ್ ಚಾರ್ಜಿಗೆ ಹೋಲಿಸುತ್ತಾರೆ. ಎಷ್ಟು ಹೊತ್ತು ಹಾಕಿದರೆ ಅಷ್ಟು ತುಂಬುತ್ತದೆ ಅಂತ. ಮಿದುಳು ಹಾಗಿಲ್ಲ. ಅದು ಏಟುಗಳನ್ನು ಎಣಿಸಿ ಕೂಡಿಸುವುದಿಲ್ಲ, ಏಟುಗಳ ಲಯ ಕೇಳುತ್ತದೆ.

ಸೆಕೆಂಡಿಗೆ ಒಂದರಂತೆ ನಿಧಾನವಾಗಿ ತಟ್ಟುತ್ತಾ ಹೋದರೆ ಮೋಟಾರ್ ಕಾರ್ಟೆಕ್ಸ್ ಮಂಕಾಗುತ್ತದೆ. 1997ರಲ್ಲಿ ರಾಬರ್ಟ್ ಚೆನ್ ಮತ್ತು ಸಂಗಡಿಗರು ಹೀಗೆ 15 ನಿಮಿಷ ತಟ್ಟಿ ನೋಡಿದರು. ತಟ್ಟುವುದು ನಿಲ್ಲಿಸಿದ ಮೇಲೂ 15 ನಿಮಿಷದಷ್ಟು ಹೊತ್ತು ಅಲೆ ಸುಮಾರು ಐದರಲ್ಲಿ ಒಂದು ಪಾಲು ಕುಗ್ಗಿತ್ತು. ಸೆಕೆಂಡಿಗೆ 5, 10, 20ರಂತೆ ಬೇಗ ಬೇಗ ತಟ್ಟಿದರೆ ಸಾಮಾನ್ಯವಾಗಿ ಇದಕ್ಕೆ ಉಲ್ಟಾ, ಅಲೆ ದೊಡ್ಡದಾಗುತ್ತದೆ. ಗೋಡೆ ಗಡಿಯಾರದ ಟಿಕ್‌ಟಿಕ್‌ಗೆ ನಿದ್ದೆ ಬರುತ್ತದೆ, ಹೊಲಿಗೆ ಮಷಿನ್ ಸದ್ದಿಗೆ ಎಚ್ಚರ ಆಗುತ್ತದೆ ಅಲ್ವಾ, ಸದ್ಯಕ್ಕೆ ಹಾಗೆ ಇಟ್ಟುಕೊಳ್ಳಿ.

ಆದರೆ ನನ್ನನ್ನು ಬೆರಗುಗೊಳಿಸಿದ್ದು 2005ರ ಕೆಲಸ. ಯಿಂಗ್‌ಝು ಹುವಾಂಗ್, ಜಾನ್ ರಾತ್‌ವೆಲ್ ಮೊದಲಾದವರು ಲಂಡನ್ನಿನಲ್ಲಿ ಮಾಡಿದ್ದು. ಮೂರು ತಟ್ಟುಗಳ ಒಂದು ಗೊಂಚಲು, ತಟ್ಟಿಂದ ತಟ್ಟಿಗೆ 20 ಮಿಲಿಸೆಕೆಂಡ್. ಅಂಥ ಗೊಂಚಲು ಸೆಕೆಂಡಿಗೆ ಐದು. ಇದಕ್ಕೆ ಥೀಟಾ ಬರ್ಸ್ಟ್ ಅಂತ ಹೆಸರು. ಒಂದು ಗುಂಪಿಗೆ ಇದನ್ನು ಬಿಡುವಿಲ್ಲದೆ 40 ಸೆಕೆಂಡ್ ಕೊಟ್ಟರು. ಒಟ್ಟು 600 ತಟ್ಟು. ಅಲೆ ಕುಗ್ಗಿತು, ಸುಮಾರು ಒಂದು ಗಂಟೆ ಹಾಗೇ ಇತ್ತು. ಇನ್ನೊಮ್ಮೆ ಅದೇ 600 ತಟ್ಟು, ಅದೇ ಜೋರು, ಅದೇ ಗೊಂಚಲು. ಆದರೆ 2 ಸೆಕೆಂಡ್ ತಟ್ಟಿ 8 ಸೆಕೆಂಡ್ ಸುಮ್ಮನಿರುವುದು. ಹೀಗೆ 190 ಸೆಕೆಂಡ್. ಈ ಸಲ ಅಲೆ ಹಿಗ್ಗಿತು!

ಲೆಕ್ಕದಲ್ಲಿ ಎರಡೂ ಒಂದೇ. ಬೇರೆ ಇದ್ದದ್ದು ನಡುವಿನ ಬಿಡುವು ಮಾತ್ರ. ಅಪ್ಪನಿಗೆ ಇದನ್ನು ಹೇಳಿ ನೋಡಿ, ನಮ್ಮ ನಿಮ್ಮೆಲ್ಲರಿಗಿಂತ ಬೇಗ ಅವರಿಗೆ ಅರ್ಥವಾದೀತು. ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುವಾಗ ಎಷ್ಟು ಏಟು ಹಾಕಿದೆ ಅಂತ ಯಾವ ಕೆಲಸಗಾರ ಎಣಿಸುತ್ತಾನೆ? ತಟ್ಟಿ, ನಿಲ್ಲಿಸಿ, ನೋಡಿ, ಮತ್ತೆ ತಟ್ಟುತ್ತಾನೆ.

ಹಾಗಾದರೆ ಹಿಗ್ಗಿಸುವ ಕ್ರಮವನ್ನೇ ಎರಡು ಪಟ್ಟು ಕೊಟ್ಟರೆ ಎರಡು ಪಟ್ಟು ಹಿಗ್ಗಬೇಕಲ್ಲ? 2010ರಲ್ಲಿ ಜರ್ಮನಿಯಲ್ಲಿ ಇದನ್ನೂ ನೋಡಿದರು. 600ರ ಬದಲು 1200 ತಟ್ಟು ಕೊಟ್ಟಾಗ ಹಿಗ್ಗಿಸಬೇಕಾದದ್ದು ಕುಗ್ಗಿಸಿತು, ಕುಗ್ಗಿಸಬೇಕಾದದ್ದು ಹಿಗ್ಗಿಸಿತು. ‘ಜಾಸ್ತಿ ಕೊಟ್ಟರೆ ಬೇಗ ವಾಸಿ ಆಗುತ್ತಿತ್ತಾ’ ಅಂತ ಕೇಳಿದ್ದೀರಲ್ಲ, ಅದಕ್ಕೆ ಇದಕ್ಕಿಂತ ನೇರವಾದ ಉತ್ತರ ನನ್ನ ಹತ್ತಿರ ಇಲ್ಲ.

ಒಳಗೆ ನಡೆಯುವುದು ಏನು? ಒಂದು ಕೋಶ ಇನ್ನೊಂದಕ್ಕೆ ಮಾತು ದಾಟಿಸುವ ಜಾಗದಲ್ಲಿ ಎನ್‌ಎಂಡಿಎ ಎಂಬ ಬಾಗಿಲು ಇದೆ. ಅದು ತೆರೆದರೆ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಒಮ್ಮೆಲೇ ಜೋರಾಗಿ ನುಗ್ಗಿದರೆ ಆ ಸಂಪರ್ಕ ಬಲವಾಗುತ್ತದೆ. ಸ್ವಲ್ಪ ಸ್ವಲ್ಪವೇ ಬಹಳ ಹೊತ್ತು ಜಿನುಗಿದರೆ ಸಡಿಲವಾಗುತ್ತದೆ. ಮೊಲಗಳ ಮಿದುಳಿನಲ್ಲಿ ಬ್ಲಿಸ್ ಮತ್ತು ಲೋಮೋ 1973ರಲ್ಲಿ ತೋರಿಸಿದ ‘ಸಂಪರ್ಕ ಬಲವಾಗುವ’ ಸಂಗತಿಯ ಬಳಗದ್ದೇ ಇದು. ಮನುಷ್ಯರಲ್ಲಿ ಹೇಗೆ ಗೊತ್ತಾಯಿತು ಅಂದರೆ, ಮರೆವಿನ ಕಾಯಿಲೆಗೆ ಕೊಡುವ ಮೆಮಾಂಟಿನ್ ಮಾತ್ರೆ ಆ ಬಾಗಿಲನ್ನು ಮುಚ್ಚುತ್ತದೆ. ಅದನ್ನು ನುಂಗಿಸಿ ಥೀಟಾ ಬರ್ಸ್ಟ್ ಕೊಟ್ಟರೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಈಗ ನಿಮ್ಮ ಮೂರನೇ ದಿನ. ಮೊದಲ ದಿನ ಅಲೆ ಕುಗ್ಗಿತು, ಪುಸ್ತಕದಲ್ಲಿ ಇದ್ದ ಹಾಗೆ. ಮೂರನೇ ದಿನ ಹಿಗ್ಗಿತು, ಅವರು ಸುಮ್ಮನಾದರು. ಅವರ ಜಾಗದಲ್ಲಿ ನಾನಿದ್ದಿದ್ದರೂ ಒಂದು ಕ್ಷಣ ಸುಮ್ಮನಾಗುತ್ತಿದ್ದೆ. ಕಲಿಯುವಾಗ ನಾವು ನಾಲ್ಕು ಜನ ಗೆಳೆಯರು ಒಬ್ಬರ ಮೇಲೊಬ್ಬರು ಇದೇ ನಿಧಾನದ ಕ್ರಮ ಕೊಟ್ಟುಕೊಂಡೆವು. ಇಬ್ಬರಿಗೆ ಕುಗ್ಗಿತು. ಒಬ್ಬನಿಗೆ ಏನೂ ಆಗಲಿಲ್ಲ. ನನಗೆ ಹಿಗ್ಗಿತು. ಯಂತ್ರ ಕೆಟ್ಟಿದೆ ಅಂದುಕೊಂಡು ಮರುದಿನ ಮತ್ತೆ ಮಾಡಿದೆವು, ನನಗೆ ಆಗ ಕುಗ್ಗಿತು! ನಾಲ್ಕು ಜನರ ಆಟದಿಂದ ಏನೂ ಸಾಬೀತಾಗುವುದಿಲ್ಲ, ಬಿಡಿ. ಆದರೆ 2013ರಲ್ಲಿ ಹಮಾದಾ ಮತ್ತು ಸಂಗಡಿಗರು 50ಕ್ಕೂ ಜಾಸ್ತಿ ಜನರಿಗೆ ಥೀಟಾ ಬರ್ಸ್ಟ್‌ನ ಎರಡೂ ಕ್ರಮ ಕೊಟ್ಟು ಸರಾಸರಿ ತೆಗೆದರು. ಸರಾಸರಿಯಲ್ಲಿ ಏನೂ ಉಳಿಯಲಿಲ್ಲ. ಕೆಲವರಿಗೆ ಹಿಗ್ಗಿತು, ಕೆಲವರಿಗೆ ಕುಗ್ಗಿತು, ಒಂದಕ್ಕೊಂದು ಹೊಡೆದುಹೋಯಿತು. ಆ ಒಂದು ತಟ್ಟು ಯಾರ ತಲೆಯಲ್ಲಿ ಯಾವ ಸಣ್ಣ ಕೋಶಗಳನ್ನು ಮೊದಲು ಎಬ್ಬಿಸುತ್ತದೆ ಅನ್ನುವುದರ ಮೇಲೆ ಈ ವ್ಯತ್ಯಾಸದ ಅರ್ಧದಷ್ಟು ನಿಂತಿತ್ತು ಅಂತ ಅವರು ಕಂಡುಕೊಂಡರು.

ಒಬ್ಬರೇ ಮನುಷ್ಯರಲ್ಲೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ತಟ್ಟುವ ಮೊದಲು ಆ ಜಾಗ ಏನು ಮಾಡುತ್ತಿತ್ತು ಅನ್ನುವುದು ದೊಡ್ಡ ಮಾತು. 2004ರಲ್ಲಿ ಹಾರ್ಟ್‌ವಿಗ್ ಸೀಬ್ನರ್ ಮತ್ತು ಸಂಗಡಿಗರು ಮೊದಲು ಸಣ್ಣ ನೇರ ಕರೆಂಟು ಕೊಟ್ಟು ಮೋಟಾರ್ ಕಾರ್ಟೆಕ್ಸನ್ನು ಚುರುಕು ಮಾಡಿ, ಆಮೇಲೆ ಸೆಕೆಂಡಿಗೆ ಒಂದರಂತೆ ತಟ್ಟಿದರು. ಕುಗ್ಗಿತು. ಮೊದಲು ಮಂಕು ಮಾಡಿ ಆಮೇಲೆ ಅದೇ ರೀತಿ ತಟ್ಟಿದರು. ಹಿಗ್ಗಿತು. ಮಿದುಳು ತನ್ನನ್ನು ಒಂದು ಹದದಲ್ಲಿ ಇಟ್ಟುಕೊಳ್ಳಲು ನೋಡುತ್ತದೆ. ತೀರ ಮೇಲಿದ್ದರೆ ಇಳಿಯುತ್ತದೆ, ತೀರ ಕೆಳಗಿದ್ದರೆ ಏರುತ್ತದೆ. ತಟ್ಟುವ ಮೊದಲೋ, ತಟ್ಟಿದ ಕೂಡಲೇನೋ ಆ ಕೈಯಿಂದ ಬಿಗಿ ಹಿಡಿದು ಕೆಲಸ ಮಾಡಿದರೂ ಫಲಿತಾಂಶ ಬದಲಾಗುತ್ತದೆ ಅಥವಾ ಅಳಿಸಿಹೋಗುತ್ತದೆ.

ಬೀದರಿನಿಂದ ಜಹೀರಾಬಾದ್ ಮೇಲೆ ಹೈದರಾಬಾದಿಗೆ ಬಸ್ಸಿನಲ್ಲಿ ಹೋಗಿದ್ದೀರಿ ಅಂದುಕೊಳ್ಳುತ್ತೇನೆ. ಆ ದಿನ ಸೀಟು ಸಿಗದೆ ಅಪ್ಪ ಎಡಗೈಯಲ್ಲಿ ಕಂಬಿ ಹಿಡಿದು ನಿಂತಿದ್ದರಾ? ಅಲೆ ನೋಡುವಾಗ ಕೈ ಬಿಗಿ ಹಿಡಿದಿದ್ದರಾ? ರಾತ್ರಿ ಹೊಸ ಮಾತ್ರೆ ಏನಾದರೂ ಶುರುವಾಗಿತ್ತಾ? ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್‌ನಂಥ ಮಾತ್ರೆ ಹೊಸ್ತಿಲನ್ನೇ ಏರಿಸುತ್ತದೆ. ಇದ್ಯಾವುದೂ ಅಲ್ಲದೆ, ಅಲೆಗಳು ಒಂದರ ಹಿಂದೆ ಒಂದು ತಟ್ಟಿದಾಗಲೇ ಸಣ್ಣ ದೊಡ್ಡ ಆಗುತ್ತಿರುತ್ತವೆ. ಇಪ್ಪತ್ತರಷ್ಟಾದರೂ ತೆಗೆದು ಸರಾಸರಿ ಮಾಡದೆ ಒಂದೆರಡು ಅಲೆ ತೋರಿಸಿ ‘ಒಳ್ಳೆಯದು’ ಅಂದಿದ್ದರೆ, ಆ ಮೊದಲ ದಿನದ ಮಾತನ್ನೂ ನಾನು ಬಹಳ ಹಚ್ಚಿಕೊಳ್ಳುವುದಿಲ್ಲ.

ಈಗ ‘ಸರಿ ಇರುವ ಕಡೆಗೆ ಯಾಕೆ’ ಅನ್ನುವುದಕ್ಕೆ ಬರೋಣ. ಮಿದುಳಿನ ಎರಡು ಹೋಳುಗಳನ್ನು ದಪ್ಪ ನರಗಳ ಸೇತುವೆ ಜೋಡಿಸುತ್ತದೆ. ಒಂದು ಕೈ ನಾಜೂಕಿನ ಕೆಲಸ ಮಾಡುವಾಗ ಇನ್ನೊಂದು ಕೈ ನಡುವೆ ಬಾಯಿ ಹಾಕದಂತೆ ಒಂದು ಹೋಳು ಇನ್ನೊಂದನ್ನು ತಡೆದು ಹಿಡಿಯುತ್ತದೆ. ಎಡ ಹೋಳಿಗೆ ಪೆಟ್ಟು ಬಿದ್ದರೆ ಅದು ಬಲ ಹೋಳನ್ನು ತಡೆಯುವುದು ಕಡಿಮೆಯಾಗುತ್ತದೆ, ಬಲ ಹೋಳು ಎಡದ ಮೇಲೆ ಇನ್ನೂ ಜಾಸ್ತಿ ಸವಾರಿ ಮಾಡುತ್ತದೆ. ಮೊದಲೇ ಬಿದ್ದವನ ಮೇಲೆ ಕೂತ ಹಾಗೆ. ಆದ್ದರಿಂದ ಬಲ ಹೋಳನ್ನು ನಿಧಾನದ ತಟ್ಟಿನಿಂದ ಸ್ವಲ್ಪ ಮಂಕು ಮಾಡಿದರೆ ಎಡಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಅಪ್ಪನಿಗೆ ಮಾಡಿದ್ದು ಇದು. ಎಡಗೈ ಕುಣಿಯಿತು, ಆದರೆ ಗುರಿ ಬಲಗೈ. ಬೇಗಬೇಗ ತಟ್ಟುವ ಕ್ರಮವನ್ನು ಅದೇ ಜಾಗಕ್ಕೆ ಕೊಟ್ಟಿದ್ದರೆ, ಈ ಲೆಕ್ಕದ ಪ್ರಕಾರ, ಸವಾರಿ ಮಾಡುವವನಿಗೇ ಬಲ ತುಂಬಿದ ಹಾಗೆ ಆಗುತ್ತಿತ್ತು.

ಕೇಳಲು ಚೆಂದದ ಲೆಕ್ಕ. ನಿಜದಲ್ಲಿ ಅಷ್ಟು ಚೆಂದ ಕೂರಲಿಲ್ಲ. ಅಮೆರಿಕದ ಹಲವು ಕೇಂದ್ರಗಳಲ್ಲಿ ಲಕ್ವಾ ಆಗಿ ಮೂರರಿಂದ ಹನ್ನೆರಡು ತಿಂಗಳಾದ ಸುಮಾರು 200 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿದರು, ಫಲಿತಾಂಶ 2018ರಲ್ಲಿ ಬಂತು. ಕೆಲವರಿಗೆ ನಿಜವಾದ ಸುರುಳಿ, ಕೆಲವರಿಗೆ ಸದ್ದು ಮಾಡುವ ಹುಸಿ ಸುರುಳಿ. ಇಬ್ಬರಿಗೂ ಕೈ ವ್ಯಾಯಾಮ ಒಂದೇ. ಆರು ತಿಂಗಳ ನಂತರ ನೋಡಿದರೆ ಎರಡೂ ಗುಂಪಿನಲ್ಲಿ ಮೂರರಲ್ಲಿ ಎರಡು ಪಾಲು ಜನರ ಕೈ ಸುಧಾರಿಸಿತ್ತು. ನಿಜಕ್ಕೂ ಹುಸಿಗೂ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಯುರೋಪಿನ ತಜ್ಞರು 2020ರಲ್ಲಿ ಎಲ್ಲ ಅಧ್ಯಯನಗಳನ್ನು ಕೂಡಿಸಿ ನೋಡಿ, ಲಕ್ವಾ ಆದ ಶುರುವಿನ ವಾರ, ತಿಂಗಳುಗಳಲ್ಲಿ ಈ ನಿಧಾನದ ಕ್ರಮ ಕೈಗೆ ಉಪಯೋಗ ಅಂತ ಮೇಲಿನ ದರ್ಜೆಯ ಒಪ್ಪಿಗೆ ಕೊಟ್ಟರು. ಹಳೆಯ ಲಕ್ವಾಕ್ಕೆ ಅಷ್ಟು ಗಟ್ಟಿಯಾಗಿ ಹೇಳಲಿಲ್ಲ. ಅಪ್ಪನಿಗೆ ಏಳು ತಿಂಗಳಾಗಿದೆ. ಅಮೆರಿಕದ ಪರೀಕ್ಷೆಯ ನಡುಮಧ್ಯಕ್ಕೆ ಅವರು ಬರುತ್ತಾರೆ. ಅದಕ್ಕೇ ಸಾಲ ಬೇಡ ಅಂದೆ.

ಚಿಕ್ಕಪ್ಪನ ಮಗಳ ವಿಷಯ ಬೇರೆ. ಅವಳಿಗೆ ತಟ್ಟುತ್ತಿರುವುದು ಮೋಟಾರ್ ಕಾರ್ಟೆಕ್ಸಿಗೆ ಅಲ್ಲ, ಹಣೆಯ ಎಡಗಡೆ ಹಿಂದಿನ ಭಾಗಕ್ಕೆ. ಅಲ್ಲಿ ಚುರುಕು ಬೇಕು, ಆದ್ದರಿಂದ ಸೆಕೆಂಡಿಗೆ 10. ಸಾಮಾನ್ಯ ಕ್ರಮ 4 ಸೆಕೆಂಡ್ ತಟ್ಟಿ 26 ಸೆಕೆಂಡ್ ಬಿಡುವುದು, 37 ನಿಮಿಷದಲ್ಲಿ 3000 ತಟ್ಟು. ಡಿಪ್ರೆಶನ್‌ಗೆ ಇದಕ್ಕೆ ಅಮೆರಿಕದಲ್ಲಿ 2008ರಲ್ಲೇ ಒಪ್ಪಿಗೆ ಸಿಕ್ಕಿದೆ. ಬಿಡುವು ಕೊಟ್ಟು ತಟ್ಟುವ ಮೂರು ನಿಮಿಷದ ಥೀಟಾ ಬರ್ಸ್ಟ್ ಕೂಡ ಅಷ್ಟೇ ಕೆಲಸ ಮಾಡುತ್ತದೆ ಅಂತ 2018ರಲ್ಲಿ ಕೆನಡಾದವರು ತೋರಿಸಿದರು. ತಮಾಷೆ ಏನೆಂದರೆ, ಅವಳಿಗೂ ಮೊದಲ ದಿನ ಹೆಬ್ಬೆರಳು ಜಿಗಿಸಿಯೇ ಜೋರು ಗೊತ್ತು ಮಾಡಿರುತ್ತಾರೆ. ಹಣೆಯ ಭಾಗ ತಟ್ಟಿದರೆ ಏನೂ ಜಿಗಿಯುವುದಿಲ್ಲವಲ್ಲ! ಅವಳ ಚಿಕಿತ್ಸೆ ನಡೆಯಲಿ, ನಡುವೆ ಬಿಡಿಸಬೇಡಿ.

ಅಂದಹಾಗೆ, ಲಕ್ವಾ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಡಿಪ್ರೆಶನ್ ಬರುತ್ತದೆ. ಅಪ್ಪ ಕೆಲಸದ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದರೆ, ಕೈಗಿಂತ ಮೊದಲು ಮನಸ್ಸನ್ನು ತೋರಿಸಿ.

ಹಾಗಾದರೆ ಮಾಡುವುದೇನು? ಆ ಹತ್ತು ದಿನ ತಟ್ಟಿದ ಮೇಲೆ ಅಪ್ಪನನ್ನು ಏನು ಮಾಡಿಸಿದರು? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಕುರ್ಚಿಯಿಂದ ಇಳಿಸಿ ಸೀದಾ ಬಸ್ಸಿಗೆ ಕಳಿಸಿದ್ದರೆ, ಹೊಲ ಹರಗಿ ಬಿತ್ತದೆ ಬಂದ ಹಾಗಾಯಿತು. ತಟ್ಟಿನ ಪರಿಣಾಮ ಇರುವುದೇ ಹೆಚ್ಚೆಂದರೆ ಅರ್ಧ ಗಂಟೆ, ಒಂದು ಗಂಟೆ. ಆ ಹೊತ್ತಿನಲ್ಲಿ ಬಲಗೈಯಿಂದ ಕೆಲಸ ಮಾಡಿಸಿದರೆ ಮಾತ್ರ ಏನಾದರೂ ಉಳಿದೀತು. ಮುಂದೆ ಎಂದಾದರೂ ಮತ್ತೆ ಕೊಡಿಸಿದರೆ, ಪಕ್ಕದ ಕೋಣೆಯಲ್ಲೇ ಥೆರಪಿ ಇದೆಯಾ ಅಂತ ಕೇಳಿಯೇ ದುಡ್ಡು ಕಟ್ಟಿ. ಒಮ್ಮೆಯಾದರೂ ಫಿಟ್ಸ್ ಬಂದಿದ್ದರೆ, ತಲೆಯೊಳಗೆ ಲೋಹದ ಕ್ಲಿಪ್ ಇದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ತಟ್ಟಿನಿಂದ ಫಿಟ್ಸ್ ಬರುವುದು ಬಹಳ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಇನ್ನೊಂದಿದೆ, ನನಗೆ ಅದರ ಮೇಲೆ ಆಯಸ್ಕಾಂತಕ್ಕಿಂತ ಜಾಸ್ತಿ ನಂಬಿಕೆ. ಸರಿ ಇರುವ ಕೈಗೆ ದಪ್ಪ ಕೈಗವಸು ತೊಡಿಸಿ ಕಟ್ಟಿಹಾಕುವುದು, ಬಿದ್ದ ಕೈಯಿಂದಲೇ ಎಲ್ಲ ಮಾಡಿಸುವುದು. ಲಕ್ವಾ ಆಗಿ ಮೂರರಿಂದ ಒಂಬತ್ತು ತಿಂಗಳಾದ 200ಕ್ಕೂ ಜಾಸ್ತಿ ಜನರಲ್ಲಿ ಇದನ್ನು ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದ್ದಾರೆ. ಎರಡು ವಾರ ಹೀಗೆ ಮಾಡಿದವರ ಕೈ, ಮಾಡದವರಿಗಿಂತ ಚೆನ್ನಾಗಿ ಸುಧಾರಿಸಿತು, ಒಂದು ವರ್ಷದ ನಂತರವೂ ಆ ಲಾಭ ಉಳಿದಿತ್ತು. ನೋಡಿ, ಇಲ್ಲಿಯೂ ಸರಿ ಇರುವ ಕಡೆಯನ್ನು ಸುಮ್ಮನಾಗಿಸುವುದೇ. ಆದರೆ ತಲೆಯ ಮೇಲೆ ತಟ್ಟಿ ಅಲ್ಲ, ಕೈ ಕಟ್ಟಿ. ಜೊತೆಗೆ ದಿನಕ್ಕೆ ಗಂಟೆಗಟ್ಟಲೆ ತಾಲೀಮು.

ಇದಕ್ಕೆ ಅಪ್ಪನ ಬಲಗೈ ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲಕ್ಕೆ ಎತ್ತಲು ಬರಬೇಕು. ಲೋಟ ಹಿಡಿಯುತ್ತಾರೆ ಅಂದಿರಿ. ಹಿಡಿದದ್ದನ್ನು ಬಿಡಲು ಬರುತ್ತದೆಯಾ ಅನ್ನುವುದು ಮುಖ್ಯ. ಬೀದರಿನಲ್ಲೇ ಒಬ್ಬ ಫಿಜಿಯೋಥೆರಪಿಸ್ಟ್‌ಗೆ ತೋರಿಸಿ, ಅವರು ಹೂಂ ಅಂದರೆ ಶುರು ಮಾಡಿ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಕೈಗವಸು ಬಿಚ್ಚಿರಲಿ, ಬೀಳಬಾರದು. ತಾಲೀಮಿಗೆ ರಬ್ಬರ್ ಚೆಂಡು ಒತ್ತಿಸುತ್ತಾ ಕೂರಬೇಡಿ. ಬೆರಳು ಇನ್ನೂ ಬಿಗಿಯಾಗುತ್ತದೆ ಅಂತ ನನ್ನ ಅನುಭವ. ಜೋಳದ ರೊಟ್ಟಿಯನ್ನು ಬಲಗೈಯಿಂದಲೇ ಮುರಿಯಲಿ. ಮೊದಲು ನಿನ್ನೆಯ ಗಟ್ಟಿ ರೊಟ್ಟಿ, ಅದು ಪಟ್ ಅಂತ ಮುರಿಯುತ್ತದೆ. ಆಮೇಲೆ ಬಿಸಿ ರೊಟ್ಟಿ, ಅದಕ್ಕೆ ಹೆಬ್ಬೆರಳು ತೋರುಬೆರಳು ಎಳೆಯಬೇಕು. ತಟ್ಟೆಯಲ್ಲಿ ತೊಗರಿ ಕಾಳು ಹರಡಿ ಒಂದೊಂದೇ ಹೆಕ್ಕಲಿ. ಆಮೇಲೆ ಅವರದೇ ಬೆಳ್ಳಿ ತಂತಿಯ ತುಂಡು. ಉಳಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟರೆ ಹಿಡಿತ ಬೇಗ ಸಿಗುತ್ತದೆ. ಕೊರೆಯುವುದು ಆಮೇಲೆ, ಮೊದಲು ಹಿಡಿದು ಸೀಸದ ಕಡ್ಡಿಯ ಹಾಗೆ ಹಾಳೆಯ ಮೇಲೆ ಗೆರೆ ಎಳೆಯಲಿ.

ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಒಂದು ದಿನವೂ ತಪ್ಪಬಾರದು. ಸಿಟ್ಟಿಂಗಿಗೆ ದುಡ್ಡು ಹೊಂದಿಸುವ ಗಡಿಬಿಡಿಯಲ್ಲಿ ಮಾತ್ರೆ ನಿಲ್ಲಿಸಿದವರನ್ನು ಕಲಬುರಗಿಯಲ್ಲಿ ನನ್ನ ಹತ್ತಿರ ಬರುವವರಲ್ಲೇ ನೋಡಿದ್ದೇನೆ. ಎರಡನೇ ಸಲ ಹೊಡೆದ ಲಕ್ವಾದೊಂದಿಗೆ ಬಂದಿದ್ದರು.

ಮೂರು ತಿಂಗಳು ಹೀಗೆ ನಡೆಯಲಿ. ಆಮೇಲೆ ಬೇಕಾದರೆ ಬರೀ ಅಳತೆಗೆ ಒಮ್ಮೆ ಟಿಎಂಎಸ್ ಮಾಡಿಸಿ, ಒಂದೇ ದಿನದ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಯಂತ್ರ ಇದೆ. ಹೋಗುವ ದಿನ ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿ ಸೀಟು ಹಿಡಿದುಕೊಡಿ, ಎರಡೂ ಕೈ ತೊಡೆಯ ಮೇಲಿರಲಿ. ಎಡದ 78 ಎಷ್ಟಾಯಿತು ಅಂತ ತಾರೀಖು, ಹೊತ್ತು, ಆ ದಿನ ನುಂಗಿದ ಮಾತ್ರೆಗಳ ಹೆಸರಿನ ಜೊತೆ ಬರೆದು ಕಳಿಸಿ.